ನಾನು ತಪ್ಪಾಗಿ ಬರೆದುಕೊಂಡ ಒಂದು ಮಾತು

ಅವಳು ನನ್ನ ಪಟ್ಟಿಗೆ ಬಂದದ್ದು ಭಾಷೆಯ ಕಾರಣದಿಂದ. ನಾನು ಕೆಲಸ ಮಾಡುವ ಆನ್‌ಲೈನ್ ಆಪ್ತಸಮಾಲೋಚನೆಯ ಸಂಸ್ಥೆಯಲ್ಲಿ ಕನ್ನಡವೇ ಬೇಕೆಂದು ಕೇಳುವವರು ಕಡಿಮೆ. ಹಾಗೆ ಕೇಳಿದವರನ್ನು ನನಗೇ ಕಳಿಸುತ್ತಾರೆ. ಅವಳು ತುಂಬಿದ ಅರ್ಜಿಯಲ್ಲಿ ವಯಸ್ಸು ಮೂವತ್ತೊಂದು, ಊರು ಧಾರವಾಡ, ಈಗಿನ ವಾಸ ಪುಣೆಯ ಹಡಪಸರ, ಹೆರಿಗೆಯಾಗಿ ಐದು ವಾರ ಎಂದಿತ್ತು. ಯಾವ ವಿಷಯಕ್ಕೆ ನೆರವು ಬೇಕು ಎಂಬ ಪ್ರಶ್ನೆಗೆ ಕೊಟ್ಟಿದ್ದ ಸಿದ್ಧ ಉತ್ತರಗಳಲ್ಲಿ ‘ಒತ್ತಡ ಮತ್ತು ಬದುಕಿನ ಬದಲಾವಣೆಗಳು’ ಎಂಬುದಕ್ಕೆ ಗುರುತು ಹಾಕಿದ್ದಳು. ಅಲ್ಲಿ ಗುರುತು ಹಾಕುವವರು ಸಾಮಾನ್ಯವಾಗಿ ವರ್ಗಾವಣೆ, ಬಿಟ್ಟುಹೋದ ಕೆಲಸ, ಹೊಸ ಸಂಸಾರದ ಕಿರಿಕಿರಿ ಇಂಥವನ್ನು ತರುತ್ತಾರೆ. ಇದೂ ಅಂಥದೇ ಇರಬೇಕು ಎಂದುಕೊಂಡೆ.

ನಾನೂ ಧಾರವಾಡದವಳೇ. ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಪುಣೆಯದೇ ಬಡಾವಣೆ ಕೊಂಢವಾದಲ್ಲಿರುವ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮೇಜು, ಲ್ಯಾಪ್‌ಟಾಪ್, ಎರಡು ಫೋನ್, ಬಾಗಿಲ ಸಂದಿಗೆ ತುರುಕಲು ಒಂದು ಹಳೆಯ ಕೌದಿ. ಎದುರಿನ ಸೈಟಿನಲ್ಲಿ ಟೈಲ್ಸ್ ಕತ್ತರಿಸುವ ಯಂತ್ರ ಶುರುವಾದರೆ ಕಿಟಕಿ ಮುಚ್ಚಿ ಫ್ಯಾನ್ ಹಾಕಿಕೊಂಡು ಕೂರುತ್ತೇನೆ. ಕೆಲಸದ ಕ್ರಮ ಮಾತ್ರ ಆಸ್ಪತ್ರೆಯಷ್ಟೇ ಕಟ್ಟುನಿಟ್ಟು. ಮೊದಲ ಸೆಷನ್ನಿನಲ್ಲೇ ಪೂರ್ತಿ ವಿಳಾಸ, ಮನೆಯಲ್ಲಿ ಇರುವವರು, ತುರ್ತು ಬಂದರೆ ಕರೆಯಬೇಕಾದ ಹತ್ತಿರದ ಒಬ್ಬರ ಹೆಸರು ಮತ್ತು ನಂಬರ್ ತೆಗೆದುಕೊಳ್ಳಬೇಕು. ಪ್ರತಿ ಸಲ ಕರೆ ಜೋಡಣೆಯಾದ ಕೂಡಲೇ, ಈಗ ಎಲ್ಲಿ ಕೂತಿದ್ದೀರಿ, ಜೊತೆಗೆ ಯಾರಿದ್ದಾರೆ ಎಂದು ಕೇಳಬೇಕು. ಎದುರಿಗೆ ಕೂತ ಮನುಷ್ಯನಾದರೆ ಕೈಯಾದರೂ ಹಿಡಿದುಕೊಳ್ಳಬಹುದು. ತೆರೆಯ ಆಚೆ ಇದ್ದವರ ವಿಷಯದಲ್ಲಿ ನಮಗೆ ಇರುವುದು ಈ ವಿಳಾಸ, ಈ ನಂಬರ್ ಮಾತ್ರ.

ಅವಳ ವಿಷಯದಲ್ಲಿ ನಾನು ಸಡಿಲ ಬಿಟ್ಟೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

“ಹತ್ತಿರದವರ ನಂಬರ್ ಕೊಡ್ರಿ,” ಎಂದಾಗ ಅವಳು ಧಾರವಾಡದ ಅಕ್ಕನ ನಂಬರ್ ಕೊಟ್ಟಳು.

“ಅದು ದೂರ ಆತಲ್ರಿ. ಪುಣೆದಾಗ ಯಾರರೆ?”

“ಗಂಡ ಶಿರೂರ ಕಡೆ ಫ್ಯಾಕ್ಟರಿಗೆ ಹೋಗ್ತಾರ ಮೇಡಮ್. ಒಳಗ ಹೋಗೂಮುಂದ ಗೇಟಿನ್ಯಾಗ ಫೋನ್ ಇಡಿಸಿಕೋತಾರ. ಇನ್ನ ಅತ್ತಿ. ನಾ ನಿಮ್ಮ ಜೋಡಿ ಮಾತಾಡೂದು ಅವರಿಗೆ ಗೊತ್ತಾದ್ರ ಮುಗೀತು. ಸೊಸಿಗೆ ತಲಿ ಕೆಟ್ಟದ ಅಂತಾರ. ಕೈ ಮುಗೀತೀನ್ರಿ, ಅವರದು ಕೇಳಬ್ಯಾಡ್ರಿ.”

ಮುಂದಿನ ಸಲ ನೋಡೋಣ ಎಂದು ಬಿಟ್ಟೆ. ವಿಳಾಸದಲ್ಲೂ ಸೊಸೈಟಿಯ ಹೆಸರಿತ್ತು, ಮನೆಯ ನಂಬರ್ ಇರಲಿಲ್ಲ. ಅದನ್ನೂ ಮುಂದಿನ ಸಲಕ್ಕೇ ಬಿಟ್ಟೆ.

ಅವಳ ಕಥೆ ಇಷ್ಟು. ಹುಬ್ಬಳ್ಳಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಏಳು ವರ್ಷ ಕೆಲಸ ಮಾಡಿದ್ದಳು. ಅಲ್ಲಿಗೆ ಯಂತ್ರ ರಿಪೇರಿಗೆ ಬರುತ್ತಿದ್ದ ಪುಣೆಯ ಮರಾಠಿ ಹುಡುಗನನ್ನು ಮೆಚ್ಚಿ ಮದುವೆಯಾದಳು. ಪುಣೆಗೆ ಬಂದ ಮೇಲೆ ಕೆಲಸ ಹುಡುಕುವಷ್ಟರಲ್ಲಿ ಬಸುರಿಯಾದಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಬೇಕು, ಆದರೆ ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅಕ್ಕನ ಮನೆಯಲ್ಲಿ ಅಕ್ಕನ ಮಾವ ಹಾಸಿಗೆ ಹಿಡಿದಿದ್ದರು. ಹಾಗಾಗಿ ಹೆರಿಗೆ ಪುಣೆಯಲ್ಲೇ ಆಯಿತು, ಬಾಣಂತನ ಅತ್ತೆ ಮಾಡಿದರು. ಅತ್ತೆಗೆ ಕನ್ನಡ ಬಾರದು. ಇವಳಿಗೆ ತರಕಾರಿ ಕೊಳ್ಳುವಷ್ಟು ಮರಾಠಿ. ನೋವು, ಭಯ, ಸಿಟ್ಟು ಇವನ್ನೆಲ್ಲ ಹೇಳುವಷ್ಟು ಇಲ್ಲ.

“ಒಂದು ಚಲೋ ಏನಂದ್ರ, ನಾ ಏನ್ ಮಾತಾಡಿದ್ರೂ ಅವರಿಗೆ ತಿಳಿಯಂಗಿಲ್ಲ,” ಎಂದು ಅವಳು ನಕ್ಕಿದ್ದಳು. ಪಕ್ಕದ ಕೋಣೆಯಲ್ಲಿ ಅತ್ತೆ ಅಂಟಿನ ಉಂಡಿಗೆ ಒಣಕೊಬ್ಬರಿ ತುರಿಯುವ ಸದ್ದು ನನಗೂ ಕೇಳಿಸುತ್ತಿತ್ತು. ಬಾಗಿಲು ತೆರೆದೇ ಇರುತ್ತಿತ್ತು. ಕನ್ನಡವೇ ಅವಳು ಮುಚ್ಚಿಕೊಂಡ ಬಾಗಿಲು. ನನಗದು ಅನುಕೂಲ ಎನಿಸಿತ್ತು. ಮೂರನೆಯವರು ಇದ್ದಾಗ ಏನು ಮಾಡಬೇಕೆಂದು ಯೋಚಿಸುವ ಗೋಜೇ ಇರಲಿಲ್ಲವಲ್ಲ. ಆ ಮನೆಯಲ್ಲಿ ಅವಳ ಮಾತು ತಿಳಿಯುವ ಒಬ್ಬರೂ ಇಲ್ಲ ಎಂಬುದನ್ನು ನಾನು ಆ ಕಡೆಯಿಂದ ನೋಡಲೇ ಇಲ್ಲ.

ಬಾಣಂತಿಯರಿಗಾಗಿಯೇ ಇರುವ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ. ಎರಡನೆಯ ಸೆಷನ್ನಿನಲ್ಲಿ ಅದನ್ನು ಓದಿದೆ. ಒಂಬತ್ತು ಪ್ರಶ್ನೆಗಳಿಗೆ ಅವಳು ಕೊಟ್ಟ ಉತ್ತರಗಳು ಚೆನ್ನಾಗಿರಲಿಲ್ಲ. ನಿದ್ದೆ ಇಲ್ಲ, ಕೂಸು ಮಲಗಿದಾಗಲೂ ಇಲ್ಲ. ಸುಮ್ಮಸುಮ್ಮನೆ ಅಳು. ಎಲ್ಲಕ್ಕೂ ತನ್ನದೇ ತಪ್ಪು. ಹತ್ತನೆಯ ಪ್ರಶ್ನೆ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂಬುದು. “ಇಲ್ಲರಿ,” ಎಂದಳು. ಬೇಗ ಹೇಳಿದಳು. ಪ್ರಶ್ನೆ ಅಚ್ಚಿನ ಕನ್ನಡದಲ್ಲಿತ್ತು. ನಾನು ಅದನ್ನು ಅಚ್ಚಿನಲ್ಲಿದ್ದ ಹಾಗೆಯೇ ಓದಿದ್ದೆ.

ಅಂಕ ಕೂಡಿಸಿ, ಇದು ನನ್ನೊಬ್ಬಳ ಕೈಯಲ್ಲಿ ಆಗುವುದಲ್ಲ, ಮನೋವೈದ್ಯರನ್ನು ನೋಡಬೇಕು ಎಂದು ಹೇಳಿದೆ. ಮೂರು ಆಸ್ಪತ್ರೆಗಳ ಹೆಸರು ಕಳಿಸಿದೆ. ಮುಂದಿನ ವಾರ ಕೇಳಿದರೆ ಹೋಗಿರಲಿಲ್ಲ. ಗುಳಿಗೆ ತಗೊಂಡರೆ ಎದೆಹಾಲಿಗೆ ಇಳಿಯುತ್ತದೆ ಎಂದು ಹೆದರಿದ್ದಳು. ಹಾಲು ಕುಡಿಸುವವರಿಗೂ ಕೊಡಬಹುದಾದ ಔಷಧಿಗಳಿವೆ, ವೈದ್ಯರು ನೋಡಿ ಕೊಡುತ್ತಾರೆ ಎಂದೆ. ಗಂಡನಿಗೆ ಹೇಳುತ್ತೇನೆ ಎಂದಳು. ಹೇಳಲಿಲ್ಲ.

ಆ ಮೂರನೆಯ ಸೆಷನ್ನಿನಲ್ಲೇ ಅವಳು ಆ ಮಾತು ಆಡಿದ್ದು. ಬದುಕು ಭಾರ ಎನಿಸಿದಾಗ ನಿಮ್ಮನ್ನು ಹಿಡಿದು ನಿಲ್ಲಿಸುವುದು ಯಾವುದು ಎಂದು ಕೇಳಿದ್ದೆ. ಅವಳು ಹೇಳಿದಳು:

“ಕೂಸಿನ್ನ ಬಿಟ್ಟು ಹೋಗಾಕ ನನ್ನಿಂದ ಆಗಂಗಿಲ್ರಿ.”

ಅದನ್ನು ಕೇಳಿ ನನ್ನ ಜೀವ ನಿರಾಳವಾಯಿತು. ಟಿಪ್ಪಣಿಯಲ್ಲಿ ‘ಕಾಪಾಡುವ ಅಂಶಗಳು’ ಎಂಬ ಖಾನೆ ಇರುತ್ತದೆ. ತಾಯಿಯೊಬ್ಬಳು ಮಕ್ಕಳ ಹೆಸರು ಹೇಳಿದರೆ ನಾವು ಅಲ್ಲಿ ಬರೆಯುವುದು ರೂಢಿ. ನಾನೂ ಬರೆದೆ: ‘ಮಗು. ಬಿಟ್ಟು ಹೋಗಲಾರೆ ಎನ್ನುತ್ತಾಳೆ.’

ನಾಲ್ಕನೆಯ ಸೆಷನ್ ಅವಳೇ ರದ್ದು ಮಾಡಿದಳು. ಕೂಸಿಗೆ ಲಸಿಕೆ ಹಾಕಿಸಬೇಕು ಎಂದು ಸಂದೇಶ ಬಂತು. ನಾನು ಸರಿ ಎಂದು ಉತ್ತರಿಸಿ ಶುಕ್ರವಾರ ಹನ್ನೊಂದಕ್ಕೆ ಇಟ್ಟೆ.

ಆ ಶುಕ್ರವಾರ ಅವಳು ತಾನಾಗಿಯೇ ವಿಡಿಯೊ ಹಾಕಿದಳು. ಅಲ್ಲಿಯವರೆಗೆ ನೆಟ್‌ವರ್ಕ್ ಚೆನ್ನಾಗಿಲ್ಲವೆಂದು ಬರೀ ಧ್ವನಿಯಲ್ಲಿ ಮಾತಾಡುತ್ತಿದ್ದಳು. ನಾನೂ ಒತ್ತಾಯ ಮಾಡಿರಲಿಲ್ಲ. ಅವಳ ಮುಖ ನೋಡಿದ್ದು ಅದೇ ಮೊದಲು ಎನ್ನಬೇಕು. ಎಣ್ಣೆ ಹಚ್ಚಿ ಬಾಚಿದ ತಲೆ, ಹಣೆಗೆ ಕುಂಕುಮ, ಇಸ್ತ್ರಿ ಮಾಡಿದ ಸೀರೆ. ತೊಡೆಯ ಮೇಲೆ ಕೂಸು. ಅದಕ್ಕೂ ಹೊಸ ಅಂಗಿ, ಕುಲಾವಿ. ಎಲ್ಲೋ ಕಾರ್ಯಕ್ಕೆ ಹೊರಟವರ ಹಾಗಿದ್ದರು ಇಬ್ಬರೂ. ಅವಳ ಬೆನ್ನ ಹಿಂದೆ ಬಾಲ್ಕನಿಯ ಸರಳು, ಅದರಾಚೆ ಆಕಾಶ.

“ಇವತ್ತ ಎಲ್ಲಿ ಕೂತೀರಿ?”

“ಹೊರಗ, ಬಾಲ್ಕನ್ಯಾಗ. ಅತ್ತಿ ಗಿರಣಿಗೆ ಹೋಗ್ಯಾರ.”

“ಹೆಂಗ ಅನಸ್ತದ ಇವತ್ತ?”

“ಭಾಳ ಹಗರ ಅನಸ್ತದ್ರಿ ಮೇಡಮ್. ಇಷ್ಟು ದಿನದಾಗ ಇವತ್ತೇ ಹಗರ. ನಿಮಗ ಒಂದ್ಸಲ ಮಾರಿ ತೋರಸಿ, ಉಪಕಾರ ಆತು ಅಂತ ಹೇಳಬೇಕಿತ್ತು. ಅದಕ್ಕ ವಿಡಿಯೊ ಹಾಕೀನಿ.”

ಎರಡು ವಾರ ನಿದ್ದೆಯಿಲ್ಲದೆ ಅತ್ತ ಹೆಂಗಸು, ಔಷಧಿಯೂ ಇಲ್ಲದೆ, ಏನೂ ಬದಲಾಗದೆ, ಒಂದು ಬೆಳಿಗ್ಗೆ ಹಗುರಾಗಿ ಕೂತು ಉಪಕಾರ ನೆನೆದರೆ ಅದರ ಅರ್ಥವೇನೆಂದು ನಮಗೆ ಕಲಿಸಿರುತ್ತಾರೆ. ನಾನೂ ಕಿರಿಯರಿಗೆ ಕಲಿಸಿದ್ದೇನೆ. ಈ ಸಲ ಅಚ್ಚಿನ ಕನ್ನಡ ಬಿಟ್ಟು ಕೇಳಿದೆ.

“ನಿಮಗ ಸಾಯಬೇಕು ಅನ್ನಸೇದೇನು?”

“ಹೂಂ.” ಅವಳು ಕೂಸಿನ ಕುಲಾವಿಯ ದಾರ ಸರಿಮಾಡುತ್ತಿದ್ದಳು.

“ಇವತ್ತ?”

“ಹೂಂ.”

“ಕೂಸು?”

“ಅವತ್ತ ಹೇಳಿದ್ನೆಲ್ರಿ. ಇದನ್ನ ಬಿಟ್ಟು ಹೋಗಾಕ ಆಗಂಗಿಲ್ಲ. ಇಲ್ಲೆ ಇದರ ಮಾತು ಯಾರಿಗೆ ತಿಳೀತದ?”

ಅದೇ ಮಾತು. ನಾನು ಬರೆದುಕೊಂಡದ್ದು ತಪ್ಪು ಖಾನೆಯಲ್ಲಿ. ಅವಳು ಅಂದೇ ನನಗೆ ಹೇಳಿದ್ದಳು, ಹತ್ತು ದಿನದ ಹಿಂದೆಯೇ, ಸ್ಪಷ್ಟವಾಗಿ ಹೇಳಿದ್ದಳು. ನಾನು ಸಮಾಧಾನದಿಂದ ಬರೆದು, ಫೈಲ್ ಮುಚ್ಚಿ, ಮಧ್ಯಾಹ್ನದ ಊಟಕ್ಕೆ ಎದ್ದಿದ್ದೆ.

ಅವಳನ್ನು ಮಾತಿನಲ್ಲಿ ಇಟ್ಟುಕೊಳ್ಳಬೇಕಿತ್ತು. “ಕೂಸು ಹುಟ್ಟಿದ ದಿನದ್ದು ಹೇಳ್ರಿ, ಬೆಳಿಗ್ಗಿಂದ,” ಎಂದೆ. ಅವಳು ಹೇಳತೊಡಗಿದಳು. ನಾನು ಮೈಕ್ ಮುಚ್ಚಿ, ಮುಖವನ್ನು ಕ್ಯಾಮೆರಾದ ಕಡೆಗೇ ಇಟ್ಟುಕೊಂಡು, ಮೇಜಿನ ಕೆಳಗೆ ಇನ್ನೊಂದು ಫೋನ್ ಹಿಡಿದೆ. ಧಾರವಾಡದ ಅಕ್ಕನ ಫೋನ್ ಸ್ವಿಚ್ ಆಫ್. ಸಂಸ್ಥೆಯ ತುರ್ತು ವಿಭಾಗಕ್ಕೆ ಸಂದೇಶ ಹಾಕಿದೆ. ಹತ್ತು ನಿಮಿಷದಲ್ಲಿ ಕರೆ ಮಾಡುತ್ತೇವೆ ಎಂಬ ಸಿದ್ಧ ಉತ್ತರ ಬಂತು. ಪೊಲೀಸರ ತುರ್ತು ನಂಬರಿಗೆ ಕರೆ ಮಾಡಿ ಪಿಸುಮಾತಿನಲ್ಲಿ ಹೇಳಿದೆ. ಗಾಡಿ ಕಳಿಸುತ್ತೇವೆ, ಮನೆ ನಂಬರ್ ಹೇಳಿ ಎಂದರು.

ನನ್ನ ಬಳಿ ಮನೆ ನಂಬರ್ ಇರಲಿಲ್ಲ.

ಸೊಸೈಟಿಯ ಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಯಾರೋ ಹಾಕಿದ್ದ ಬಾಡಿಗೆ ಜಾಹೀರಾತಿನ ಕೆಳಗೆ ಸೊಸೈಟಿಯ ಗೇಟಿನ ನಂಬರ್ ಇತ್ತು. ಅಲ್ಲಿ ಒಂದು ಕ್ಷಣ ನನ್ನ ಬೆರಳು ನಿಂತಿತು. ಅವಳು ಕೈಮುಗಿದು ಬೇಡ ಎಂದದ್ದು ಇದನ್ನೇ. ಆ ಗೇಟಿಗೆ ಕರೆ ಹೋದರೆ ವಾಚ್‌ಮನ್‌ಗೆ ತಿಳಿಯುತ್ತದೆ, ಅತ್ತೆಗೆ ತಿಳಿಯುತ್ತದೆ, ಸಂಜೆಯೊಳಗೆ ಇಡೀ ಕಟ್ಟಡಕ್ಕೆ ತಿಳಿಯುತ್ತದೆ. ಅವಳು ನನ್ನನ್ನು ಮತ್ತೆಂದೂ ನಂಬುವುದಿಲ್ಲ. ನನ್ನನ್ನೇನು, ಇನ್ನಾವ ಸಮಾಲೋಚಕಿಯನ್ನೂ ನಂಬಲಿಕ್ಕಿಲ್ಲ. ನಾನು ಸುಮ್ಮನೆ ಮಾತಾಡುತ್ತ ಹೋಗಿ, ಮಾತಿನಿಂದಲೇ ಅವಳನ್ನು ಒಳಗೆ ಕರೆತರಬಹುದೇ ಎಂದೂ ಅನಿಸಿತು. ಇಪ್ಪತ್ತು ವರ್ಷದ ಅನುಭವ ಇದೆಯಲ್ಲ ಎಂಬ ಹಮ್ಮು ಆ ಹೊತ್ತಿನಲ್ಲೂ ಇತ್ತು. ತೆರೆಯಲ್ಲಿ ಅವಳು ಹೇಳುತ್ತಿದ್ದಳು, ಹೆರಿಗೆ ಕೋಣೆಯಲ್ಲಿ ನರ್ಸು ಏನೋ ಕೇಳಿದಾಗ ತನಗೆ ತಿಳಿಯದೆ ಎಲ್ಲದಕ್ಕೂ ಮರಾಠಿಯಲ್ಲಿ ಹೋ, ಹೋ, ಹೌದು ಹೌದು ಎಂದದ್ದು. ಹೇಳಿ ಮುಗಿಸಿ ಎದ್ದು ನಿಂತಳು.

ನಾನು ನಂಬರ್ ಒತ್ತಿದೆ.

ವಾಚ್‌ಮನ್ ಎತ್ತಿದ. ಮರಾಠಿಯಲ್ಲಿ, ಕನ್ನಡದ ಸೊಸೆ, ಎರಡು ತಿಂಗಳೂ ತುಂಬದ ಮಗು, ಅತ್ತೆ ಈಗ ಗಿರಣಿಗೆ ಹೋಗಿದ್ದಾರೆ ಎಂದೆ.

“ಕಾನಡೀ ಸೂನ? ಒಂಬತ್ತನೇ ಮಹಡಿ. ಅಮ್ಮ ಈಗಷ್ಟೇ ಹಿಟ್ಟಿನ ಡಬ್ಬಿ ಹಿಡಿದು ವಾಪಸ್ ಬಂದರು, ಲಿಫ್ಟಿನ ಹತ್ತಿರ ನಿಂತಿದ್ದಾರೆ.”

“ಅವರ ಜೊತೆ ನೀವೂ ಮೇಲೆ ಹೋಗಿ. ಸೊಸೆಗೆ ಆರಾಮಿಲ್ಲ. ಬೆಲ್ ಒತ್ತಬೇಡಿ, ಬಾಗಿಲು ಬಡಿಯಬೇಡಿ, ಕೂಗಬೇಡಿ. ಅಮ್ಮನ ಹತ್ತಿರ ಕೀಲಿ ಇರುತ್ತದೆ. ಮೆಲ್ಲಗೆ ಒಳಗೆ ಹೋಗಿ ಮೊದಲು ಮಗುವನ್ನು ಎತ್ತಿಕೊಳ್ಳಲಿ. ಯಾಕೆ ಎಂದು ಆಮೇಲೆ ಹೇಳುತ್ತೇನೆ.”

ಆತ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಓಡುವ ಬೂಟಿನ ಸದ್ದು ಕೇಳಿಸಿತು.

ತಲೆ ಎತ್ತಿದರೆ ಅವಳು ನನ್ನನ್ನೇ ನೋಡುತ್ತಿದ್ದಳು. ನನ್ನ ತುಟಿ ಅಲುಗಿದ್ದು ಕಂಡಿತ್ತು.

“ಯಾರ ಜೋಡಿ ಮಾತಾಡಿದ್ರಿ?”

ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿ ಬರಲಿಲ್ಲ. ಮೈಕ್ ತೆರೆದು ಹೇಳಿದೆ, “ನಿಮ್ಮ ಅತ್ತೀನ್ನ ಮ್ಯಾಲ ಕಳಸ್ರಿ ಅಂತ ಗೇಟಿಗೆ ಹೇಳಿದೆ.”

ಅವಳು ಬೈಯಲಿಲ್ಲ. “ನಿಮಗ ಹೇಳಬಾರದಾಗಿತ್ತು ನಾ,” ಎಂದಳು. ಫೋನ್ ಎಲ್ಲೋ ಇಟ್ಟಳು, ಇಲ್ಲವೆ ಬಿದ್ದಿತು. ತೆರೆಯ ತುಂಬ ಬರೀ ಬಿಳಿ ಆಕಾಶ. ಕೂಸು ಒಂದು ಸಲ ಕುಂಯ್‌ಗುಟ್ಟಿತು. ಆಮೇಲೆ ಅದೂ ಇಲ್ಲ.

ಎಷ್ಟು ಹೊತ್ತು ಎಂದು ನನಗೆ ಗೊತ್ತಿಲ್ಲ. ಆಮೇಲೆ ದಾಖಲೆಯಲ್ಲಿ ನೋಡಿದರೆ ಎರಡು ನಿಮಿಷವೂ ಆಗಿರಲಿಲ್ಲ. ಆ ಹೊತ್ತಿಗೆ ಕಲಿತದ್ದೆಲ್ಲ ಉದುರಿಹೋಗಿತ್ತು. ಸಮಾಲೋಚಕಿಯ ‘ನೀವು’ ಕೂಡ ಉದುರಿತ್ತು. ಖಾಲಿ ಆಕಾಶಕ್ಕೆ ಒಂದೇ ಸಮ ಹೇಳುತ್ತಿದ್ದೆ, “ತಂಗಿ, ಒಳಗ ಬಾ. ನನ್ನ ಮ್ಯಾಲೆ ಸಿಟ್ಟು ಮಾಡಕೋ, ಆದ್ರ ಒಳಗ ಬಾ. ನೀ ಅಂದದ್ದು ಅವತ್ತ ನನಗ ತಿಳೀಲಿಲ್ಲ. ತಪ್ಪು ನಂದು. ಈಗ ತಿಳದದ. ಒಳಗ ಬಾ ತಂಗಿ.” ಅವಳು ಅಲ್ಲಿದ್ದಾಳೋ ಇಲ್ಲವೋ, ನನ್ನ ದನಿ ಯಾರಿಗೆ ಕೇಳಿಸುತ್ತಿದೆ, ಏನೂ ತಿಳಿಯದು. ಕೊಂಢವಾದಿಂದ ಹಡಪಸರ ಏನು ದೂರ. ಆದರೆ ಆ ಹೊತ್ತು ಕುರ್ಚಿಯಿಂದ ಎದ್ದು ನಾನು ಎಲ್ಲಿಗೂ ಹೋಗುವ ಹಾಗಿರಲಿಲ್ಲ.

ಕೀಲಿ ತಿರುಗಿದ ಸದ್ದು. ಚಪ್ಪಲಿ ಬಿಡದೆ ಯಾರೋ ನಡೆದು ಬಂದ ಸದ್ದು. ಆಮೇಲೆ ವಯಸ್ಸಾದ ಹೆಂಗಸಿನ ದನಿ, ದಿನಾ ಮಾತಾಡುವ ಹಾಗೆ, ಅವಸರವೇ ಇಲ್ಲದೆ: “ಅಗ, ಬಾಳಾಲಾ ದೇ ಬಘೂ ಜರಾ.” ಕೂಸಿನ್ನ ಕೊಡು ನೋಡೋಣ.

ಕೂಸು ಅತ್ತಿತು. ದನಿ ಬಾಲ್ಕನಿಯಿಂದ ಒಳಕ್ಕೆ ಹೋದದ್ದು ಸ್ಪಷ್ಟವಾಗಿ ತಿಳಿಯಿತು. ಅದರ ಹಿಂದೆಯೇ ಅವಳ ಅಳು, ಅದೂ ಒಳಗಿನಿಂದ. ಬಾಲ್ಕನಿಯ ಬಾಗಿಲಿನ ಚಿಲಕ ಬಿತ್ತು. ನಾನು ಮೇಜಿನ ಮೇಲೆ ತಲೆ ಇಟ್ಟೆ.

ಸ್ವಲ್ಪ ಹೊತ್ತಿನ ಮೇಲೆ, ವಾಚ್‌ಮನ್ ಬಾಲ್ಕನಿಯಿಂದ ತಂದುಕೊಟ್ಟ ಫೋನ್ ಹಿಡಿದು ಅತ್ತೆಯವರು ಯಾರು ಎಂದು ಕೇಳಿದರು. ನಾನು ಯಾರೆಂದು ಹೇಳಿದೆ. ಇಂಥ ಹೊತ್ತಿನಲ್ಲಿ ಗುಟ್ಟು ಬಿಟ್ಟುಕೊಡುವುದಕ್ಕೂ ಒಂದು ಅಳತೆ ಇದೆ; ಜೀವ ಉಳಿಸಲು ಎಷ್ಟು ಬೇಕೋ ಅಷ್ಟೇ ಹೇಳಬೇಕು. ಅವಳ ಜೀವಕ್ಕೂ ಮಗುವಿನ ಜೀವಕ್ಕೂ ಅಪಾಯವಿದೆ, ಒಂದು ನಿಮಿಷವೂ ಅವಳನ್ನು ಒಬ್ಬಳನ್ನೇ ಬಿಡಬೇಡಿ, ಮಗು ನಿಮ್ಮ ಕೈಯಲ್ಲೇ ಇರಲಿ, ಇವತ್ತೇ, ಈಗಲೇ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ ಎಂದೆ.

“ವೇಡೀ ಝಾಲೀ ಕಾ?” ಹುಚ್ಚು ಹಿಡಿದಿದೆಯೇ ಎಂದು ಕೇಳಿದರು.

“ಇಲ್ಲ. ಕಾಯಿಲೆ ಬಿದ್ದಿದ್ದಾಳೆ. ಹೆರಿಗೆಯ ನಂತರ ಕೆಲವರಿಗೆ ಬರುತ್ತದೆ. ಔಷಧಿ ಇದೆ.”

“ನಾನು ದಿನಾ ಕೇಳುತ್ತಿದ್ದೆ, ಏನಾಗಿದೆ ಎಂದು. ಕಾಹೀ ನಾಹೀ, ಏನೂ ಇಲ್ಲ ಅನ್ನುತ್ತಿದ್ದಳು,” ಎಂದರು. ಅಷ್ಟರಲ್ಲಿ ಪೊಲೀಸ್ ಗಾಡಿ ಗೇಟಿಗೆ ಬಂದ ಸುದ್ದಿ ಬಂತು. ಅದೇ ಗಾಡಿಯಲ್ಲಿ ಅತ್ತೆ, ಸೊಸೆ, ಕೂಸು ಆಸ್ಪತ್ರೆಗೆ ಹೋದರು. ಗಂಡನನ್ನು ಶಿರೂರಿನ ಕಡೆಯಿಂದ ಕರೆಸುವಷ್ಟರಲ್ಲಿ ಸಂಜೆಯಾಗಿತ್ತಂತೆ. ಇದನ್ನೆಲ್ಲ ನನಗೆ ಹೇಳಿದವಳು ಧಾರವಾಡದ ಅಕ್ಕ, ಮರುದಿನ. ಆಸ್ಪತ್ರೆಯಲ್ಲಿ ಸೇರಿಸಿಕೊಂಡಿದ್ದಾರೆ, ಮಲಗಿದ್ದಾಳೆ ಎಂದು ಹೇಳಿ, “ನನ್ನ ಫೋನ್ ಚಾರ್ಜಿಗಿತ್ರಿ,” ಎಂದು ಅತ್ತಳು.

ಮುಂದಿನ ಕೆಲವು ದಿನ ನಾನು ಕೆಲಸ ಮಾಡಿದೆ, ಆದರೆ ಹೇಗೆ ಮಾಡಿದೆನೋ ತಿಳಿಯದು. ಯಾರಾದರೂ ಇವತ್ತು ಪರವಾಗಿಲ್ಲ ಎಂದರೆ, ಸಾಯುವ ಯೋಚನೆ ಇದೆಯೇ ಎಂದು ಎರಡೆರಡು ಸಲ ಕೇಳುತ್ತಿದ್ದೆ. ಮನೋವೈದ್ಯರಿಗೆ ನನ್ನ ಟಿಪ್ಪಣಿಗಳನ್ನು ಕಳಿಸಬೇಕಿತ್ತು. ‘ಕಾಪಾಡುವ ಅಂಶಗಳು’ ಎಂಬ ಖಾನೆಯಲ್ಲಿದ್ದ ಆ ಸಾಲನ್ನು ಅಳಿಸಿ ಕಳಿಸುವ ಆಸೆಯಾಯಿತು. ಸುಳ್ಳಾಗುತ್ತದೆ ಎಂದು ಹಾಗೆಯೇ ಬಿಟ್ಟು, ಕೆಳಗೆ ಬರೆದೆ: ‘ನಾನು ಇದನ್ನು ತಪ್ಪಾಗಿ ತಿಳಿದುಕೊಂಡಿದ್ದೆ.’

ಎರಡು ವಾರದ ಮೇಲೆ ಸಂಸ್ಥೆಗೆ ಅವಳ ದೂರು ಬಂತು. ಆಸ್ಪತ್ರೆಯಿಂದ ಮನೆಗೆ ಬಂದವಳೇ ಬರೆದಿದ್ದಳು. ನನ್ನ ಮೇಲ್ವಿಚಾರಕಿ, ನನಗಿಂತ ಹತ್ತು ವರ್ಷ ಹಿರಿಯ ಮನಶ್ಶಾಸ್ತ್ರಜ್ಞೆ, ಅದನ್ನು ನನಗೆ ಓದಿ ಹೇಳಿದರು. ನಂಬಿ ಹೇಳಿದ ಮಾತನ್ನು ನಾನು ಗೇಟಿನ ವಾಚ್‌ಮನ್‌ಗೆ ಹೇಳಿದೆ. ಈಗ ಲಿಫ್ಟಿನಲ್ಲಿ ಹೋದರೆ ಜನ ಮಾತು ನಿಲ್ಲಿಸುತ್ತಾರೆ. ಕೂಸಿನ ಹತ್ತಿರ ಒಬ್ಬಳೇ ಕೂರಲು ಮನೆಯಲ್ಲಿ ಬಿಡುವುದಿಲ್ಲ. ತನ್ನ ಮಾತು ತಿಳಿಯುವ ಒಬ್ಬರೇ ಇದ್ದರು, ಅವರೂ ಹೀಗೆ ಮಾಡಿದರು.

ಅದರಲ್ಲಿ ಒಂದೂ ಸುಳ್ಳಿರಲಿಲ್ಲ.

ವಿಚಾರಣೆ ಎಂದರೆ ಒಂದು ವಿಡಿಯೊ ಕರೆ. ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ನಾನು ಉತ್ತರ ಸಿದ್ಧ ಮಾಡಿಕೊಂಡು ಕೂತಿದ್ದೆ. ಮೇಲ್ವಿಚಾರಕಿ ಆ ಬಗ್ಗೆ ಕೇಳಲೇ ಇಲ್ಲ.

“ಆ ಕರೆ ಮಾಡಲೇಬೇಕಿತ್ತು. ಅದರ ಬಗ್ಗೆ ನಮಗೆ ಅನುಮಾನವಿಲ್ಲ,” ಎಂದರು. “ನಾನು ಕೇಳುವುದು ಅದಕ್ಕಿಂತ ಹಿಂದಿನದು. ಮೊದಲ ದಿನ ಮನೆ ನಂಬರ್ ಯಾಕೆ ತೆಗೆದುಕೊಳ್ಳಲಿಲ್ಲ?”

“ಮುಂದಿನ ಸಲ ಕೇಳೋಣ ಎಂದು ಬಿಟ್ಟೆ.”

“ಹತ್ತಿರದ ಒಬ್ಬರ ನಂಬರ್?”

“ಅವಳು ಬೇಡಿಕೊಂಡಳು.”

“ಮನೆ ನಂಬರ್ ಇದ್ದಿದ್ದರೆ ಪೊಲೀಸರು ನೇರ ಹೋಗುತ್ತಿದ್ದರು. ಅತ್ತೆಯನ್ನು ಮೊದಲೇ, ಅವಳ ಒಪ್ಪಿಗೆಯಿಂದ, ಒಳಗೆ ತಂದಿದ್ದರೆ ಗೇಟಿಗೆ ಕರೆ ಮಾಡುವ ಪ್ರಸಂಗವೇ ಬರುತ್ತಿರಲಿಲ್ಲ. ಮೊದಲ ದಿನ ಅವಳಿಗೆ ಬೇಸರ ಮಾಡಲು ನೀವು ಹಿಂಜರಿದಿರಿ. ಅದರ ಬೆಲೆ ಅವಳು ಲಿಫ್ಟಿನಲ್ಲಿ ಕೊಡುತ್ತಿದ್ದಾಳೆ.”

ನಾನು ಅಂತಃಕರಣ ಎಂದುಕೊಂಡಿದ್ದು ಕೆಲಸಗಳ್ಳತನವೇ ಆಗಿತ್ತು. ನಮ್ಮ ಊರಿನವಳು, ನಮ್ಮ ಮಾತಿನವಳು ಎಂಬ ಸಲಿಗೆಯಲ್ಲಿ, ಬೇರೆ ಯಾರಿಗಾದರೂ ಮಾಡುತ್ತಿದ್ದ ಕೆಲಸವನ್ನು ಅವಳಿಗೆ ಮಾಡಲಿಲ್ಲ. ಮೂರು ತಿಂಗಳು ಹೊಸಬರನ್ನು ನನಗೆ ಕೊಡಬಾರದು, ಹಳಬರ ಪ್ರತಿ ಸೆಷನ್ನಿನ ಟಿಪ್ಪಣಿಯನ್ನು ಮೇಲ್ವಿಚಾರಕಿ ನೋಡಬೇಕು ಎಂದಾಯಿತು. ಅವಳನ್ನಾಗಲಿ ಅವಳ ಮನೆಯವರನ್ನಾಗಲಿ ನಾನಾಗಿ ಸಂಪರ್ಕಿಸಬಾರದು ಎಂದೂ ಇತ್ತು. ಒಪ್ಪಿ ಸಹಿ ಮಾಡಿದೆ.

ಆ ಮೂರು ತಿಂಗಳಲ್ಲಿ ಈ ಕೆಲಸ ಬಿಟ್ಟುಬಿಡುವ ಯೋಚನೆ ಮಾಡದ ದಿನವಿಲ್ಲ. ಕೆಲಸ ಬಿಡುವ ಪತ್ರವನ್ನೂ ಬರೆದಿಟ್ಟಿದ್ದೆ. ಮೇಲ್ವಿಚಾರಕಿಗೆ ಹೇಳಿದಾಗ, “ಕಳಿಸಬೇಕೆಂದರೆ ಕಳಿಸಿ. ಆದರೆ ಕನ್ನಡ ಬೇಕು ಎನ್ನುವವರನ್ನು ನಾನು ಯಾರ ಹತ್ತಿರ ಕಳಿಸಲಿ, ಅದನ್ನೂ ಬರೆಯಿರಿ,” ಎಂದರು. ಅದನ್ನು ಬರೆಯಲಾಗಲಿಲ್ಲ.

ಎರಡನೆಯ ತಿಂಗಳು ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಎತ್ತಿದರೆ ಅದೇ ವಯಸ್ಸಾದ ದನಿ, ಮರಾಠಿಯಲ್ಲಿ. ಗೇಟಿನಲ್ಲಿ ಉಳಿದಿದ್ದ ನನ್ನ ನಂಬರನ್ನು ವಾಚ್‌ಮನ್‌ನಿಂದ ಪಡೆದಿದ್ದರು.

“ನಿಮ್ಮ ಸೊಸೆಯ ವಿಷಯ ನಾನು ಏನೂ ಮಾತಾಡುವ ಹಾಗಿಲ್ಲ,” ಎಂದು ಮೊದಲೇ ಹೇಳಿದೆ. “ಅವಳ ಡಾಕ್ಟರರನ್ನು ಕೇಳಿ.”

“ಅವಳ ವಿಷಯ ಬೇಡ. ಗುಳಿಗೆ ತಗೊಳ್ಳುತ್ತಾಳೆ, ಮಲಗುತ್ತಾಳೆ. ನನಗೆ ಒಂದು ಕನ್ನಡ ಮಾತಿನ ಅರ್ಥ ಬೇಕು, ಅಷ್ಟೇ. ಮಗನನ್ನು ಕೇಳಿದರೆ ಅವನಿಗೂ ಸರಿಯಾಗಿ ಗೊತ್ತಿಲ್ಲ. ಇಲ್ಲಿ ಬೇರೆ ಯಾರನ್ನು ಕೇಳಲಿ? ಕೇಳಿದರೆ ಮತ್ತೆ ಸುದ್ದಿಯಾಗುತ್ತದೆ.”

“ಯಾವ ಮಾತು?” ಎಂದೆ.

“ಹೊಸದಾಗಿ ಬಂದಾಗ ಊಟಕ್ಕೆ ಬಡಿಸಿದರೆ ಒಲ್ಲೆ ಒಲ್ಲೆ ಅನ್ನುತ್ತಿದ್ದಳು. ಒಲ್ಲೆ ಎಂದರೆ ನಕೋ, ಅಷ್ಟು ನನಗೆ ಗೊತ್ತು. ಈಗ ನಾನು ಮಗುವನ್ನು ತೊಡೆಯ ಮೇಲೆ ಇಟ್ಟಾಗೆಲ್ಲ ‘ಆಗವಲ್ದು’ ಅನ್ನುತ್ತಾಳೆ. ಅದರಲ್ಲೂ ಅದೇ ಶಬ್ದ ಇದೆ. ಮಗು ಬೇಡ ಅನ್ನುತ್ತಾಳೋ? ಹೌದಾದರೆ ಹೌದು ಅನ್ನಿ. ನಾನು ಇನ್ನು ಇಡುವುದಿಲ್ಲ.”

ಅವರು ಆ ಶಬ್ದವನ್ನು ಹೇಳಿದ ರೀತಿ ತಪ್ಪಾಗಿತ್ತು, ಒತ್ತು ಎಲ್ಲೋ ಬಿದ್ದಿತ್ತು, ಆದರೂ ಧಾರವಾಡದ ಆ ಶಬ್ದವೇ ಅದು. ಒಂದು ಶಬ್ದದ ಅರ್ಥ ಹೇಳಿದರೆ ಯಾರ ಗುಟ್ಟೂ ಬಿಟ್ಟುಕೊಟ್ಟ ಹಾಗಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

“ನಕೋ ಅಲ್ಲ,” ಎಂದೆ. “ಎರಡೂ ಬೇರೆ. ಒಲ್ಲೆ ಎಂದರೆ ನಕೋ. ಆಗವಲ್ದು ಎಂದರೆ ಜಮತ್ ನಾಹೀಯೇ. ಮಾಡಬೇಕೆಂದಿದೆ, ಮಾಡುತ್ತಲೂ ಇದ್ದೇನೆ, ಆದರೆ ಕೈಲಾಗುತ್ತಿಲ್ಲ ಎಂದು.”

“ಜಮತ್ ನಾಹೀಯೇ,” ಎಂದು ಅವರು ಮೆಲ್ಲಗೆ ಹೇಳಿಕೊಂಡರು. “ನಾನು ಏನೆಂದು ತಿಳಿದುಕೊಂಡಿದ್ದೆ,” ಎಂದರು ಆಮೇಲೆ.

ಫೋನ್ ಕಟ್ ಮಾಡಲು ಮರೆತರು. ಎದ್ದು ಒಳಗೆ ನಡೆದ ಸದ್ದು ಕೇಳಿಸಿತು, ಕೂಸು ಕಿರಿಕಿರಿ ಮಾಡುವುದು ಕೇಳಿಸಿತು. ಅವರು ಯಾರಿಗೋ ಕೇಳಿದರು, ಕನ್ನಡದಲ್ಲಿ, ಒಂದೊಂದೇ ಅಕ್ಷರ ಹಿಡಿದು:

“ಆಗವಲ್ದು?”

ಆಮೇಲೆ ನನಗೆ ಗುರುತಿದ್ದ ದನಿ, ದೂರದಿಂದ.

“ಹೂಂ. ಆಗವಲ್ದ್ರಿ.”

ಮುಂದೆ ಅವರು ಏನು ಹೇಳಿದರೋ ನನಗೆ ಗೊತ್ತಿಲ್ಲ. ಅದನ್ನು ಕೇಳುವ ಹಕ್ಕು ನನಗಿರಲಿಲ್ಲ. ನಾನೇ ಕರೆ ಕಟ್ ಮಾಡಿದೆ. ಇಂಥ ಕರೆ ಬಂದರೆ ಅದೇ ದಿನ ಮೇಲ್ವಿಚಾರಕಿಗೆ ತಿಳಿಸಬೇಕು ಎಂಬ ನಿಯಮವಿತ್ತು. ಲ್ಯಾಪ್‌ಟಾಪ್ ತೆರೆದು, ಕರೆ ಬಂದ ಹೊತ್ತು, ಮಾತಾಡಿದವರು ಯಾರು ಎಂಬುದನ್ನು ತುಂಬಿದೆ. ವಿಷಯ ಎಂಬಲ್ಲಿ ಬರೆದೆ: ಒಂದು ಶಬ್ದದ ಅರ್ಥ ಕೇಳಿದರು, ಹೇಳಿದೆ.